ಬಂಗಡೆಯ ಬಾಣಂತನ

ಟೀವಿಯಲ್ಲಿ ಅಡುಗೆ ಹೇಳಿಕೊಡುತ್ತಿದ್ದ ಆ ಹೆಂಗಸನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. "ಮನೆಗೆ ಅತಿಥಿಗಳು ಬರುತ್ತಿದ್ದಾರೆಯೇ? ಹತ್ತೇ ನಿಮಿಷ ಸಾಕು" ಎಂದು ನಗುತ್ತ ಶುರುಮಾಡಿದಳು. ಹೊಗೆ ಹಾಕಿದ ಮೀನಿನ ಡಬ್ಬಿ ತೆರೆದಳು, ಗಟ್ಟಿ ಮೊಸರಿನಲ್ಲಿ ಕಲಸಿದಳು, ನಿಂಬೆಹಣ್ಣು ಹಿಂಡಿದಳು, ಬಿಸ್ಕೀಟಿನಿಂದ ಎತ್ತಿ ತಿಂದು ಕಣ್ಣು ಮುಚ್ಚಿಕೊಂಡಳು. ಅದಕ್ಕೆ ಡಿಪ್ ಎಂದು ಹೆಸರಂತೆ. ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಮನೆಗೆ ಕೇಬಲ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಟೀವಿ ಹೇಳಿದ್ದೆಲ್ಲ ಖರೇ ಎಂದು ನಂಬುವ ಕಾಲ. ಮರುದಿನ ಆಫೀಸಿನಲ್ಲಿ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಐತವಾರ ಸಂಜೆ ಡಿಪ್ ತಿನ್ನಲು ಬನ್ನಿ ಎಂದು ನಾಲ್ವರು ಗೆಳತಿಯರನ್ನು ಕರೆದೇಬಿಟ್ಟೆ. ಅವರಲ್ಲಿ ಒಬ್ಬಳು ಕಾರವಾರದವಳು, ಹುಬ್ಬಳ್ಳಿಯವರಿಗೆ ಮೀನು ಮುಟ್ಟಲಿಕ್ಕೂ ಬರುವುದಿಲ್ಲ ಎಂದು ದಿನಾ ಹಂಗಿಸುವವಳು.

ಐತವಾರ ಬಂತು, ಬಂಗಡೆ ಮೀನೂ ಬಂತು. ಹೊಗೆ ಹಾಕಿದ ಮೀನಿನ ಡಬ್ಬಿ ಮಾತ್ರ ಊರೆಲ್ಲ ತಿರುಗಿದರೂ ಸಿಗಲಿಲ್ಲ. "ಮೀನಿಗೆ ಯಾಕ್ರೀ ಅಕ್ಕಾರ ಹೊಗಿ? ಅದಕ್ಕೇನು ನೆಗಡಿ ಆಗೇತೇನ್ರಿ?" ಎಂದು ಕೇಳಿದ ಅಂಗಡಿಯವ. ಅವನಿಗೆ ಬೈಯುತ್ತಲೇ ಮನೆಗೆ ಬಂದೆ. ಹತ್ತು ನಿಮಿಷವಂತೆ, ಅವಳ ತಲೆ!

ನೆಗಡಿಯ ಮಾತು ಮಾತ್ರ ತಲೆಯಲ್ಲಿ ಕೂತಿತು. ಹೊಗೆ ಹಾಕುವುದರಲ್ಲಿ ಇಡೀ ಓಣಿಗೇ ಹೆಸರಾದವರು ನಮ್ಮ ಮನೆಯಲ್ಲೇ ಇದ್ದರು, ನನ್ನ ಅತ್ತೆ. ನಲವತ್ತು ವರ್ಷ ಓಣಿಯ ಕೂಸುಗಳಿಗೆ ಎಣ್ಣೆ ಹಚ್ಚಿ, ಎರೆದು, ಹೊಗೆ ಹಾಕಿದ ಕೈ ಅವರದು. ಅಗ್ಗಿಷ್ಟಿಗೆಯಲ್ಲಿ ಕೆಂಡ, ಕೆಂಡದ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಚಿಟಿಕೆ ಅಜವಾನ. ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಬಿಳಿ ಅರಿವೆ ಹೊದಿಸಿ, ಹೊಗೆಯಾಡುವ ಆ ಅರಿವೆಯ ಮೇಲೆ ಕೂಸನ್ನು ಹಿಡಿಯುತ್ತಿದ್ದರು. ಆದರೆ ನನ್ನ ಮಗಳು ಹುಟ್ಟಿದಾಗ ಡಾಕ್ಟರು ಕೂಸಿಗೆ ಹೊಗೆ ಸುತರಾಂ ಬೇಡ ಎಂದರು. ಅದನ್ನು ಮೆತ್ತಗೆ ಹೇಳಬಹುದಿತ್ತು. ನಾನು ನಾಲ್ಕು ಮಂದಿಯ ಎದುರಿಗೆ ಜೋರಾಗಿ ಹೇಳಿದೆ. ಅಂದೇ ಅಗ್ಗಿಷ್ಟಿಗೆ ಅಟ್ಟ ಏರಿತು.

ಅಂದಿನಿಂದ ಎಂಟು ತಿಂಗಳು ಅತ್ತೆ ನನ್ನೊಡನೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಏನಿದ್ದರೂ ಕೂಸಿನ ಮೂಲಕ. "ಯವ್ವಾ, ನಿಮ್ಮವ್ವಗ ಹೇಳು, ಹಾಲು ಉಕ್ಕಾಕತ್ತೈತಿ ಅಂತ." "ನಿಮ್ಮವ್ವಗ ಕೇಳು, ಬಸ್ಸಿಗೆ ಹೊತ್ತಾಗಿಲ್ಲೇನು ಅಂತ." ಮಾತು ಬಾರದ ಕೂಸು ನಡುವೆ ಕೂತು ಇಬ್ಬರನ್ನೂ ಪಿಳಿಪಿಳಿ ನೋಡುತ್ತಿತ್ತು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಸಂಕಟವಾಗತೊಡಗಿತು. ಈ ಮನೆಗೆ ಬಂದ ಹೊಸದರಲ್ಲಿ ದಿನಾ ಹಿಂದೆ ಕೂತು ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದವರು ಅವರೇ.

ಈಗ ಬೇರೆ ದಾರಿ ಇರಲಿಲ್ಲ. ಕೂಸನ್ನು ಸೊಂಟಕ್ಕೇರಿಸಿಕೊಂಡು ಹೋಗಿ ನಿಂತೆ. "ಅತ್ತೀ, ಬಂಗಡಿಗೆ ಹೊಗಿ ಹಾಕಬೇಕಾಗೇತ್ರಿ. ನನಗ ಬರೂದಿಲ್ಲ" ಎಂದೆ.

ಅತ್ತೆ ಕೂಸಿನ ಮುಖವನ್ನೇ ನೋಡಿದರು. "ಯವ್ವಾ, ನಿಮ್ಮವ್ವಗ ಕೇಳು, ಡಾಕ್ಟರು ಹೂಂ ಅಂದಾರೇನು ಬಂಗಡಿಗೆ?"

ಅಬ್ಬಾ, ಆ ಏಟು! ಎಂಟು ತಿಂಗಳಿಂದ ಕಾದಿಟ್ಟುಕೊಂಡಿದ್ದರು ನೋಡಿ. ಆದರೆ ನಾನು ಉತ್ತರ ಹುಡುಕುವುದರೊಳಗೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಅಟ್ಟದ ಏಣಿ ಹತ್ತಿಯೇಬಿಟ್ಟಿದ್ದರು.

ಆಮೇಲೆ ಹಿತ್ತಿಲು ಅವರ ರಾಜ್ಯ. ಅರಿಸಿನ, ಉಪ್ಪು ಹಾಕಿ ಬೇಯಿಸಿದ ಬಂಗಡೆಗಳನ್ನು ತೂತಿನ ತಟ್ಟೆಯ ಮೇಲೆ ಸಾಲಾಗಿ ಮಲಗಿಸಿದರು. ತೆಂಗಿನ ಚಿಪ್ಪಿನ ಕೆಂಡ ಮಾಡಿದರು. ತಟ್ಟೆಯನ್ನು ಕೆಂಡದ ಮೇಲಿಟ್ಟು ಬುಟ್ಟಿ ಮುಚ್ಚಿ, ಬಿಳಿ ಅರಿವೆ ಹೊದಿಸಿದರು. ಎಲ್ಲ ಸರಿಯಾಗಿತ್ತು. ಆದರೆ ರೂಢಿ ಎಲ್ಲಿ ಬಿಡುತ್ತದೆ? ಕೈ ತಾನಾಗಿ ಹೋಗಿ ಬೆಳ್ಳುಳ್ಳಿ ಸಿಪ್ಪೆ, ಅಜವಾನ ಕೆಂಡಕ್ಕೆ ಉದುರಿಸಿತು.

"ಅಯ್ಯ ಅತ್ತೀ, ಅದು ಕೂಸಲ್ಲರೀ, ಮೀನು!" ಎಂದು ಕೂಗಿದೆ. ಹೊಗೆ ಆಗಲೇ ಘಮ್ಮೆಂದು ಎದ್ದಿತ್ತು. ಅತ್ತೆ ನಾಲಿಗೆ ಕಚ್ಚಿಕೊಂಡರು. ಆಮೇಲೆ ಗದ್ದ ಎತ್ತಿ, "ಯವ್ವಾ, ನಿಮ್ಮವ್ವಗ ಹೇಳು, ದೂರ ಸರದು ನಿಂದ್ರು ಅಂತ. ನಿನಗ ಹೊಗಿ ಬಡದ್ರ ಮತ್ತ ನನ್ನ ಹೆಸರು ಬರತೈತಿ" ಎಂದರು.

ಹತ್ತು ನಿಮಿಷವಾಗಿರಲಿಲ್ಲ, ಪಕ್ಕದ ಮನೆಯ ಕಾಕು ಓಡೋಡಿ ಬಂದರು. ಒಂದು ಕೈಯಲ್ಲಿ ಒಣಕೊಬ್ಬರಿ ಬಟ್ಟಲು, ಇನ್ನೊಂದರಲ್ಲಿ ಕೂಸಿನ ಕುಂಚಿಗೆ. ಆ ವಾಸನೆ ಎದ್ದಿತೆಂದರೆ ಓಣಿಗೆ ಅರ್ಥ ಒಂದೇ, ಮನೆಯಲ್ಲಿ ಹೊಸ ಕೂಸು. ಗಂಡನ ಮನೆಯಲ್ಲಿದ್ದ ನನ್ನ ನಾದಿನಿ ಬಸುರಿ ಎಂಬುದು ಕಾಕುಗೂ ಗೊತ್ತಿತ್ತು. "ನಿಮ್ಮ ಮಗಳು ಹಡದಾಳಂತ ಒಂದ ಮಾತು ಹೇಳಬಾರದೇನ್ರಿ? ನಾವೇನು ಹೊರಗಿನವರೇನು? ಗಂಡೋ, ಹೆಣ್ಣೋ?" ಎನ್ನುತ್ತ ಅತ್ತೆ ತಡೆಯುವುದರೊಳಗೆ, ಕೂಸು ಬುಟ್ಟಿಯೊಳಗೇ ಇದೆ ಎಂಬ ಅವಸರದಲ್ಲಿ, ಅರಿವೆ ಸರಿಸಿ ಬುಟ್ಟಿ ಎತ್ತಿದರು. ಕೆಳಗೆ ಆರು ಬಂಗಡೆಗಳು, ಹೊಂಬಣ್ಣಕ್ಕೆ ತಿರುಗಿ, ಸಾಲಾಗಿ, ಬಾಯಿ ತೆರೆದುಕೊಂಡು ಮಲಗಿದ್ದವು.

"ಯಪ್ಪಾ! ಆರು?" ಎಂದರು ಕಾಕು.

ನಕ್ಕು ನಕ್ಕು ನಾನು ಬಚ್ಚಲ ಕಟ್ಟೆಯ ಮೇಲೆ ಕುಸಿದೆ. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡರೂ ಹೆಗಲು ಕುಣಿಯುತ್ತಿದ್ದವು. ನಾವಿಬ್ಬರೂ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತು! ಆದರೂ ನಗು ನಿಂತ ಮೇಲೆ ಅವರು ಮಾತಾಡಿಸಿದ್ದು ಕೂಸನ್ನೇ.

ಮೀನಿನ ಮುಳ್ಳು ಬಿಡಿಸಿ ಪುಡಿ ಮಾಡಿದೆ. ಶ್ರೀಖಂಡಕ್ಕೆ ಕಟ್ಟಿಡುವಂತೆ ರಾತ್ರಿಯೇ ಅರಿವೆಯಲ್ಲಿ ಕಟ್ಟಿ ನೀರು ಬಸಿದಿದ್ದ ಮೊಸರಿಗೆ ಅದನ್ನು ಹಾಕಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕಾಳುಮೆಣಸು, ನಿಂಬೆರಸ ಸೇರಿಸಿ ಕಲಸಿದೆ. ಅಷ್ಟೇ. ಖರೇ ಹೇಳಬೇಕೆಂದರೆ ಕಲಸುವುದಕ್ಕೆ ಹತ್ತು ನಿಮಿಷವೇ ಹಿಡಿಯಿತು. ಬಿಸ್ಕೀಟಿನ ಬದಲು ಖಡಕ್ ಜೋಳದ ರೊಟ್ಟಿ ಮುರಿದಿಟ್ಟೆ. ಗೆಳತಿಯರು ಬಂದು ಬೋಗುಣಿಯ ಸುತ್ತ ಕೂತವರು ಮೇಲೆ ಏಳಲಿಲ್ಲ. ಕಾರವಾರದವಳು ಮೂರನೇ ಚೂರಿಗೆ ಕೇಳಿದಳು. "ಹೊಗೆಯಲ್ಲಿ ಎಂತದೋ ಇದೆ ಮಾರಾಯ್ತಿ. ನಮ್ಮ ಕಡೆ ಹೀಗೆ ಮಾಡೂದೇ ಇಲ್ಲ. ಯಾರು ಕಲಿಸಿದ್ದು?"

"ನಮ್ಮ ಅತ್ತಿ" ಎಂದೆ, ಒಳಗಿನವರಿಗೆ ಕೇಳಲಿ ಎಂದು ಗಟ್ಟಿಯಾಗಿ. ಎಂಟು ತಿಂಗಳ ಹಿಂದೆ ನಾಲ್ಕು ಮಂದಿಯೆದುರು ಕೂಗಿದ್ದೆನಲ್ಲ, ಅಷ್ಟೇ ಗಟ್ಟಿಯಾಗಿ.

ಗೆಳತಿಯರನ್ನು ಕಳಿಸಿ, ಕೂಸನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಅತ್ತೆ ಬುಟ್ಟಿಯ ಅರಿವೆ ಒಗೆಯಲು ಕೂತಿದ್ದರು, ಆದರೆ ಒಗೆಯುತ್ತಿರಲಿಲ್ಲ. ಎರಡೂ ಕೈಯಲ್ಲಿ ಅಗಲ ಹಿಡಿದು ನೋಡುತ್ತಿದ್ದರು. ಬೆಳಗ್ಗೆ ಬೆಳ್ಳಗಿದ್ದ ಅರಿವೆಯ ನಡುವೆ ಚಹಾ ಚೆಲ್ಲಿದಂತೆ ಕಂದು ಕಲೆ. ನೀರು ಹಾಕಿ ಉಜ್ಜಿದ್ದರೂ ಹೋಗಿರಲಿಲ್ಲ.

ಅವರು ತಲೆ ಎತ್ತಿದರು. ಕೂಸಿನ ಕಡೆಗಲ್ಲ, ನನ್ನ ಕಡೆಗೆ.

"ಅರಿವಿಗೇ ಹಿಂಗ ಹತ್ತೇತಿ. ಕೂಸಿಗೆ ಹೊಗಿ ಬ್ಯಾಡ ಅಂದದ್ದು ಛಲೋ ಮಾಡಿದಿ ನೀ" ಎಂದರು.

ಯಾವಾಗಲೂ ಚುರುಕಾಗಿರುವ ಈ ನಾಲಿಗೆಗೂ ಅವತ್ತು ಕೂಸಿನ ಆಸರೆ ಬೇಕಾಯಿತು. ಅದರ ಕಿವಿಗೆ ಬಗ್ಗಿ, "ನಿಮ್ಮ ಆಯಿಗೆ ಹೇಳು, ಬರೂ ಐತವಾರ ಮತ್ತ ಮಾಡೂಣು ಅಂತ" ಎಂದೆ.

ಅತ್ತೆ ಒದ್ದೆ ಅರಿವೆಯನ್ನು ಫಟ್ಟನೆ ಒದರಿದರು.

"ಯಾಕ, ನಿನಗ ಬಾಯಿ ಇಲ್ಲೇನು?"