ಮಡಿವಾಳಪ್ಪ ತಂದ ನೀರು

ಮಡಿವಾಳಪ್ಪನವರ ಕೈಯಲ್ಲಿ ಗಾಜು ಒಡೆದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಬೆಂಗಳೂರು ವಿಜಯನಗರದ ನಮ್ಮ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ಅವರು ಅಟೆಂಡರ್. ನಾನು ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದೆ; ಎರಡು ಸಾವಿರದ ಏಳರ ಮಾತು. ಒಡೆಯುವುದು ನನ್ನ ಕೆಲಸ, ತೊಳೆಯುವುದು ಅವರ ಕೆಲಸ. ಜಮಖಂಡಿ ಕಡೆಯವರು. ಬೆಂಗಳೂರಿಗೆ ಬಂದು ಹದಿನೆಂಟು ವರ್ಷವಾಗಿದ್ದರೂ ನಾಲಿಗೆ ಊರು ಬಿಟ್ಟಿರಲಿಲ್ಲ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು.

ನಾನು ಮಾಡುತ್ತಿದ್ದುದು ಕ್ವಾಂಟಮ್ ಡಾಟ್. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ಅವು ಬೆರೆತ ನೀರನ್ನು ಕಪ್ಪು ಡಬ್ಬದಲ್ಲಿಟ್ಟು ಯುವಿ ದೀಪ ಹಾಕಿದರೆ ಹಸಿರಾಗಿ ಹೊಳೆಯುತ್ತದೆ. ತಾಮ್ರದ ಅಯಾನು ಚೂರು ಬಿದ್ದರೂ ಸಾಕು, ಹೊಳಪು ಆರಿಹೋಗುತ್ತದೆ. ಇದನ್ನು ನೋಡಲೆಂದೇ ಮಡಿವಾಳಪ್ಪನವರು ಊಟದ ಹೊತ್ತಿಗೆ ಬಂದು ಡಬ್ಬದ ಕಿಂಡಿಗೆ ಕಣ್ಣಿಡುತ್ತಿದ್ದರು.

ಅವರ ಮಗಳು ಸುವರ್ಣಾ ಎಂಟನೇ ಕ್ಲಾಸು. ಮೂರು ತಿಂಗಳಿಂದ ಹೊಟ್ಟೆನೋವು. ಡಾಕ್ಟರು ‘ನೀರು ನೋಡಿಕೊಳ್ಳಿ’ ಎಂದಿದ್ದರು. ಹೆಗ್ಗನಹಳ್ಳಿಯ ಅವರ ಬೀದಿಗೆಲ್ಲ ನೀರು ವೆಂಕಟಗಿರಿಯವರ ಬೋರ್‌ವೆಲ್‌ನಿಂದ, ಅದೂ ಪುಕ್ಕಟೆ. ವೆಂಕಟಗಿರಿ ಅಲ್ಲಿನ ಹಳಬರು. ಬೋರ್‌ವೆಲ್ ಪಕ್ಕದಲ್ಲೇ ನಲ್ಲಿ, ಹಿಡಿಕೆಗಳಿಗೆ ತಾಮ್ರ, ನಿಕ್ಕಲ್ ಲೇಪಿಸುವ ಶೆಡ್ ಇಟ್ಟಿದ್ದರು. ಟ್ರಂಕು ಹೊತ್ತು ಬಂದ ಮಡಿವಾಳಪ್ಪನವರಿಗೆ ಮೊದಲು ಮನೆ ಕೊಟ್ಟವರೂ ಅವರೇ.

“ಅವ್ರ ಮ್ಯಾಲ ಸಂಶೆ ಪಡೂದಂದ್ರ ಪಾಪರೀ ಅಕ್ಕಾರ. ಖರೆ, ಮಗಳ ಮಾರಿ ನೋಡಿದ್ರ ಸುಮ್ನಿರಾಕ ಆಗವಲ್ದು,” ಎಂದರು.

ನಾನು ಬಾಟಲಿ ಕೊಟ್ಟೆ. ಮರುದಿನ ಬೆಳಿಗ್ಗೆ ತುಂಬಿಸಿ ಕೊಟ್ಟರು. ಡಾಟಿಗೆ ಆ ನೀರನ್ನು ನಾಲ್ಕು ಹನಿ ಬಿಟ್ಟೆ, ಹೊಳಪು ಆರಿತು. ಇನ್ನೊಮ್ಮೆ ತರಿಸಬೇಕಿತ್ತು, ಇನ್ನೊಮ್ಮೆ ನೋಡಬೇಕಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಆತುರಗಾರ್ತಿಗೂ ಅಷ್ಟೇ. ಊರವರು ಕುಡಿಯುವ ನಿಜವಾದ ನೀರಿನಲ್ಲಿ ನನ್ನ ಡಾಟ್ ಕೆಲಸ ಮಾಡಿತಲ್ಲ ಎಂದು ನನಗೆ ಖುಷಿಯೋ ಖುಷಿ.

“ತಾಮ್ರ ಇದೆ ಮಡಿವಾಳಪ್ಪನವರೇ, ಜೋರಾಗೇ ಇದೆ,” ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಹೆಂಡತಿ ಗುರವ್ವನಿಗೆ ಹೇಳಿದರು, ಗುರವ್ವ ಅಕ್ಕಪಕ್ಕದವರಿಗೆ ಹೇಳಿದಳು. ಮೂರನೇ ಮನೆ ದಾಟುವಷ್ಟರಲ್ಲಿ ತಾಮ್ರ ಹೋಗಿ ವಿಷವಾಗಿತ್ತು. ವಾರದೊಳಗೆ ಬೀದಿಯವರು ಪೈಪು ಕಿತ್ತರು, ಕಲ್ಲೆಸೆದು ಶೆಡ್ಡಿನ ತಗಡು ಒಡೆದರು, ಕೆಲಸದವರನ್ನು ಓಡಿಸಿದರು. ಕಲ್ಲೆಸೆದವರೆಲ್ಲ ಹತ್ತು ವರ್ಷ ಅದೇ ನೀರು ಕುಡಿದು ಗಟ್ಟಿಮುಟ್ಟಾಗಿದ್ದವರೇ! ವೆಂಕಟಗಿರಿ ಶೆಡ್ ಮುಚ್ಚಿ, ಸಂಸಾರ ಕಟ್ಟಿಕೊಂಡು ಕೆಂಗೇರಿಗೆ ಹೋದರು.

ಬೀದಿಗೆ ಟ್ಯಾಂಕರ್ ಬಂತು. ಸುವರ್ಣಾಳ ಹೊಟ್ಟೆನೋವು ಮಾತ್ರ ಹೋಗಲಿಲ್ಲ. ಎರಡು ತಿಂಗಳಾದರೂ ಹೋಗದಿದ್ದಾಗ ನನಗೆ ಅಳುಕು ಶುರುವಾಯಿತು. ನಾನೇ ಹೆಗ್ಗನಹಳ್ಳಿಗೆ ಹೋಗಿ, ಬೋರ್‌ವೆಲ್ ಮೋಟರ್ ಹಾಕಿಸಿ, ಮೂರು ಬಾಟಲಿ ನೀರು ಹಿಡಿದು ತಂದೆ. ಮೂರರಲ್ಲೂ ಡಾಟ್ ಹಸಿರಾಗಿ ಹೊಳೆಯಿತು.

“ಅವತ್ತು ನೀರು ಹೇಗೆ ತಂದ್ರಿ ನೀವು?” ಎಂದು ಕೇಳಿದೆ.

“ನಿಮ್ಮ ಬಾಟ್ಲಿ ದಿನಾ ಆಸಿಡ್ ಹಾಕಿ ತೊಳ್ಯಾಂವ ನಾನ ಅಲ್ರೀ? ಅದರಾಗ ಇಟ್ರ ನೀರು ಕೆಡ್ತದ ಅಂತ ಮನ್ಯಾಗಿನ ತಾಮ್ರದ ತಂಬಿಗಿಗೆ ಹುಣಸಿಹಣ್ಣು ಹಚ್ಚಿ ಲಕಲಕ ತಿಕ್ಕಿಸಿ, ಸಂಜೀಕ ತುಂಬಿಟ್ಟಿದ್ನಿ. ಮುಂಜಾನೆ ಇಲ್ಲಿಗಿ ಬಂದ ಮ್ಯಾಲ ಬಾಟ್ಲಿಗಿ ಸುರುವಿದ್ನಿ. ಯಜಮಾನ್ರ ಮಾನದ ಪ್ರಶ್ನೆ ಐತಲ್ರೀ, ಸ್ವಚ್ಛ ಇರ್ಲಿ ಅಂತ.”

ಹುಳಿ ಹಚ್ಚಿ ತಿಕ್ಕಿದ ತಂಬಿಗೆ ಬೆಳಗಾಗುವುದರೊಳಗೆ ನೀರಿಗೆ ತಾಮ್ರ ಬಿಟ್ಟಿತ್ತು. ಅದನ್ನು ಬಿಡಿಸಿ ಹೇಳಿದೆ. ಅವರು ಸಿಂಕಿನ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಮಾದರಿಯನ್ನು ಯಾವ ಪಾತ್ರೆಯಲ್ಲಿ ತಂದಿರಿ ಎಂದು ಕೇಳುವುದು ಮೊದಲ ವರ್ಷದ ಪಾಠ. ಅದನ್ನು ಓದಿದವಳು ನಾನು, ಅವರಲ್ಲ.

ಭಾನುವಾರ ಇಬ್ಬರೂ ಕೆಂಗೇರಿಗೆ ಹೋದೆವು. ವೆಂಕಟಗಿರಿ ಚಿಕ್ಕ ಬಾಡಿಗೆ ಮನೆಯ ಹಜಾರದಲ್ಲಿ ಕೂತಿದ್ದರು. ಮೊಮ್ಮಗು ಅವರ ಕಾಲ ಬಳಿ ಆಡುತ್ತಿತ್ತು. ಮಡಿವಾಳಪ್ಪನವರು ಅವರ ಕಾಲು ಹಿಡಿದರು. “ತಪ್ಪಾತ್ರೀ ಯಜಮಾನ್ರ. ನೀರಿನ್ಯಾಗ ಏನೂ ಇದ್ದಿಲ್ರೀ.” ತಂಬಿಗೆಯ ಕತೆ ನಾನು ಹೇಳಿದೆ. ನನ್ನದೂ ತಪ್ಪು ಎಂದೆ.

ವೆಂಕಟಗಿರಿ ನನ್ನ ಕಡೆ ನೋಡಲೂ ಇಲ್ಲ.

“ಏನೂ ಇಲ್ಲ ಅಂತ ನಂಗೆ ಗೊತ್ತಿತ್ತು ಕಣೋ,” ಎಂದರು. “ಈ ಮಗೂಗೂ ಅದೇ ನೀರೇ ಕುಡಿಸ್ತಿದ್ದಿದ್ದು. ನೀನು ದಿನಾ ನೋಡಿದ್ದೆ. ಕಲ್ಲು ಹೊಡಿಯೋರಿಗೆ ಅದೊಂದು ಮಾತು ಹೇಳ್ಬೋದಿತ್ತಲ್ಲೋ. ಅದಕ್ಕೆ ಯಾವ ಪರೀಕ್ಷೆ ಬೇಕಿತ್ತು?”

ಅಷ್ಟರಲ್ಲಿ ವೆಂಕಟಗಿರಿಯವರ ಹೆಂಡತಿ ವಿಮಲಮ್ಮ, ಮನೆಗೆ ಬಂದವರಿಗೆ ಕೊಡುವಂತೆ, ಎರಡು ಲೋಟ ನೀರು ತಂದಿಟ್ಟರು.

“ಕುಡಿ,” ಎಂದರು ವೆಂಕಟಗಿರಿ. “ಕಾವೇರಿ ನೀರು. ಭಯ ಬೇಡ.”

ಮಡಿವಾಳಪ್ಪನವರು ಒಂದೇ ಉಸಿರಿಗೆ ಕುಡಿದು ಲೋಟ ಕೆಳಗಿಟ್ಟರು. ಇನ್ನೂ ಬೇಕಾ ಎಂದು ಯಾರೂ ಕೇಳಲಿಲ್ಲ.