ಬೆಲಾರ್ಮಿನೊನ ರಟ್ಟಿನ ಪೆಟ್ಟಿಗೆಗಳು

ಸುತ್ತಿಟ್ಟ ಹಗ್ಗದ ಸಂದಿಗೆ ಕೈ ಹಾಕಿ ಬೆಲಾರ್ಮಿನೊ ಒಯಾರ್ಸೊ ಇನ್ನೊಂದನ್ನು ಹೊರತೆಗೆಯುತ್ತಾರೆ. ಅಂಗೈಯಗಲದ ಬೂದು ಹಕ್ಕಿ, ತೊಯ್ದು ತೊಪ್ಪೆಯಾಗಿದೆ. ಆದರೂ ಬೆರಳಿಗೆ ಕುಕ್ಕುತ್ತದೆ. "ಕುಕ್ಕು, ಕುಕ್ಕು. ಕುಕ್ಕೋ ಶಕ್ತಿ ಇದೆ ಅಂದ್ರೆ ಬದುಕ್ತೀಯ," ಎನ್ನುತ್ತಾ ಟೊಮೆಟೊ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಇಳಿಸುತ್ತಾರೆ. ಬೆಳಗಿನ ನಾಲ್ಕೂವರೆ. ಹಿಮಗಡ್ಡೆಗಳ ನಡುವೆ ಹಡಗು ಮೆಲ್ಲಗೆ ಸಾಗುತ್ತಿದೆ. ಇದು ಇವತ್ತಿನ ಹದಿನೇಳನೆಯದು.

ಆರಕ್ಕೆ ಪ್ರವಾಸಿಗರು ದುರ್ಬೀನು ಹಿಡಿದು ಆಲ್ಬಟ್ರಾಸ್, ತಿಮಿಂಗಿಲ ನೋಡಲು ಮೇಲೆ ಬರುತ್ತಾರೆ. ಅಷ್ಟರೊಳಗೆ ಡೆಕ್ಕು ತೊಳೆದಿರಬೇಕು. "ಅವರು ಹಾರೋ ಹಕ್ಕಿ ನೋಡೋಕೆ ಬಂದೋರು. ಬಿದ್ದಿದ್ದು ನನ್ನ ಪಾಲು," ಎನ್ನುತ್ತಾರೆ.

ಪೆಟ್ಟಿಗೆಗಳು ಬರುವುದು ನಾನು ಕೆಲಸ ಮಾಡುವ ಬಟ್ಟೆ ಒಣಗಿಸುವ ಕೋಣೆಗೆ. ಆ ಬಿಸಿಯಲ್ಲಿ ರೆಕ್ಕೆ ಆರಿದ ಮೇಲೆ ಬಿಡುಗಡೆ.

"ಡೊನ್ಯಾ ಎಡೆಲ್ಮಿರಾ, ನಿಮ್ಮ ಹೋಟೆಲಿಗೆ ಹದಿನೇಳು ಜನ," ಎನ್ನುತ್ತಾ ನನ್ನ ಮುಂದೆ ಪೆಟ್ಟಿಗೆ ಇಳಿಸುತ್ತಾರೆ.

"ಮೀನಿನ ನಾತ ಹತ್ತಿದ ದುಪ್ಪಟಿ ಎಲ್ಲಾ ನಿನ್ನ ಹಾಸಿಗೆಗೇ ಹಾಕ್ತೀನಿ, ನೋಡ್ತಿರು," ಎನ್ನುತ್ತೇನೆ ನಾನು.

ಚಿಲೊಯೆ ದ್ವೀಪದಲ್ಲಿ ಮೂರನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ದೋಣಿ ಹತ್ತಿದ ಬೆಲಾರ್ಮಿನೊಗೆ ಈಗ ಐವತ್ತೆಂಟು. ದಕ್ಷಿಣ ತುದಿಯ ಬಂದರು ಉಶುವಾಯಿಯಿಂದ ಹಿಮಗಡಲಿಗೆ ಹೊರಡುವ ಪ್ರವಾಸಿ ಹಡಗುಗಳಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದಾರೆ. ನಮ್ಮ ಹಡಗಿನ ಕಿಟಕಿಗಳಿಗೆಲ್ಲ ಕಪ್ಪು ಪರದೆಯಿದೆ, ಮೇಲಿನ ಗಾಜಿನ ಹಜಾರಕ್ಕೆ ಮಾತ್ರ ಇಲ್ಲ. ಮಂಜು ಕವಿದಾಗ ಹಕ್ಕಿಗಳು ಆ ಬೆಳಕಿಗೇ ಬಂದು ಬಡಿಯುತ್ತವೆ. ಪರದೆ ಹಾಕಿಸಿ ಎಂದು ಇವರು ಕೇಳದ ಅಧಿಕಾರಿಯಿಲ್ಲ. ಕಂಪನಿಯ ಕಚೇರಿಗೆ ಬರೆದು ಕೊಡು ಎಂದರು. ಬರೆದೂ ಕೊಡದ ಆ ಕಾಗದ ಮೂರು ವರ್ಷದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅವರ ಎದೆಯ ಜೇಬಿನಲ್ಲೇ ಇತ್ತು.

"ಹಕ್ಕಿಗೋಸ್ಕರ ಕೆಲಸ ಕಳ್ಕೋತೀಯೇನೋ, ಚಿಲೊತೆ?" ಎಂದು ಡೆಕ್ಕಿನ ಮೇಸ್ತ್ರಿ ಅವರ ದ್ವೀಪದ ಹೆಸರು ಹಿಡಿದು ಕೆಣಕುತ್ತಾನೆ. ಅದು ಬರೀ ತಮಾಷೆಯಲ್ಲ. ಮುಂದಿನ ಋತುವಿಗೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವುದೂ ಅದೇ ಕಚೇರಿ.

ಕೈಬರಹಕ್ಕೆ ನಾಚಿಕೊಂಡಿದ್ದಾರೆಂದು ತಿಳಿದು, ನಾನೇ ಬರೆಯಲಾ ಎಂದು ಕೇಳಿದೆ. ನಾನೂ ನಲವತ್ತು ದಾಟಿದ ಮೇಲೆ ರಾತ್ರಿಶಾಲೆಯಲ್ಲಿ ಅಕ್ಷರ ತಿದ್ದಿದವಳು.

"ನೀವು ಬರೆದ್ರೆ ಅದು ನಿಮ್ಮ ಕಾಗದ ಆಗುತ್ತೆ, ಡೊನ್ಯಾ. ಬರೆಯೋಕೆ ಬರಲ್ಲ ಅಂತಲ್ಲ. ಒಂದು ಸಾಲು ಬಾಕಿ ಇದೆ."

ಬಾಕಿ ಇದ್ದದ್ದು, ನಾಲ್ಕು ವರ್ಷದ ಹಿಂದೆ ಹಕ್ಕಿ ಎಣಿಸತೊಡಗಿದ ಮೊದಲ ವರ್ಷದ ಸಾಲು. ಆಗ ಅವರು ಬಿದ್ದ ಹಕ್ಕಿಗಳನ್ನು ಒದ್ದೆಯಲ್ಲೇ ನೀರಿಗೆ ಬಿಟ್ಟಿದ್ದರು. "ಕಡಲ ಹಕ್ಕಿ ತಾನೇ, ಈಜ್ಕೊಂಡು ಹೋಗುತ್ತೆ ಅಂದ್ಕೊಂಡೆ. ಡೆಕ್ಕಿನ ಎಣ್ಣೆ ಹತ್ತಿದ ಪುಕ್ಕ ನೀರು ಕುಡಿಯುತ್ತೆ ಅಂತ ಗೊತ್ತಿರಲಿಲ್ಲ. ಕಣ್ಣೆದುರೇ ಮುಳುಗಿದ್ವು."

ಆ ಪ್ರಯಾಣ ಮುಗಿಸಿ ಉಶುವಾಯಿಗೆ ಮರಳಿದ ದಿನ, 'ಮಾತೆ' ಎಂಬ ಎಲೆಯ ಕಷಾಯ ಕುಡಿಯುತ್ತಾ ಹಡಗಿನ ಅಡುಗೆಮನೆಯ ಮೇಜಿನ ಮೇಲೆ ಆ ಸಾಲನ್ನು ಬರೆದರು. ಮುಗಿಸುವಷ್ಟರಲ್ಲಿ ಎರಡು ಸಲ ಕೆಟಲಿಗೆ ನೀರು ತುಂಬಿಸಬೇಕಾಯಿತು.

ನಾವಿಬ್ಬರೂ ಹೋಗಿ ಕಾಗದ ಕೊಟ್ಟಾಗ, ಕಂಪನಿಯ ಬಂದರು ಕಚೇರಿಯ ಗುಮಾಸ್ತೆ ಗ್ಲಾದಿಸ್ ಓದಿ ತಲೆಯೆತ್ತಿದಳು. "ನಾಲ್ಕು ವರ್ಷದಲ್ಲಿ ಸತ್ತಿದ್ದು ಇನ್ನೂರ ಅರವತ್ತಮೂರು, ಸರಿ. 'ಅದರಲ್ಲಿ ಹನ್ನೊಂದು ನನ್ನ ಕೈಯಿಂದ' ಅಂತ ಯಾಕೆ ಬರೆದ್ರಿ, ಡೊನ್ ಬೆಲಾರ್ಮಿನೊ? ನಿಮ್ಮ ಮೇಲೇ ಬರುತ್ತಲ್ಲ?"

"ಬರಲಿ. ನನ್ನ ಹನ್ನೊಂದು ನಾನು ಒಪ್ಕೊಂಡಿದ್ದೀನಿ. ಮಿಕ್ಕಿದ್ದನ್ನ ಕಂಪನಿಯವರು ಒಪ್ಕೊಳ್ಳಲಿ. ಮೊಹರು ಹಾಕಮ್ಮ."

ಮೊಹರು ಬಿತ್ತು. ಬ್ಯೂನಸ್ ಐರಿಸ್‌ನ ಮುಖ್ಯ ಕಚೇರಿಗೆ ಹೋಗುವ ಸಂಜೆಯ ಟಪಾಲು ಚೀಲಕ್ಕೆ ಕಾಗದ ಇಳಿಯುವುದನ್ನು ಅವರು ನಿಂತು ನೋಡಿದರು. ಚೀಲದ ಬಾಯಿ ಕಟ್ಟಿದ ಮೇಲಷ್ಟೇ ಟೋಪಿ ಹಾಕಿಕೊಂಡು ಹೊರಬಿದ್ದರು.

"ಬನ್ನಿ ಡೊನ್ಯಾ, ತರಕಾರಿ ಅಂಗಡಿಗೆ. ಪರದೆ ಬರೋ ತನಕ ಪೆಟ್ಟಿಗೆ ಬೇಕಲ್ಲ."