ಬೂತಿನಕ್ಕನ ಎಂಟರ ಎಲೆ

ಮಗಳು ತರಿಸಿಕೊಂಡ ಪೊಟ್ಟಣ ಒಡೆದಾಗ ಹೊಸ ರಟ್ಟಿನ ವಾಸನೆ ಬಂತು. ಟ್ಯಾರೋ ಕಾರ್ಡುಗಳಂತೆ. ಇಸ್ಪೀಟಿನ ಎಲೆಗಳ ಹಾಗೆಯೇ ಇವೆ, ತುಸು ಉದ್ದ. ಈಗ ಭವಿಷ್ಯವೂ ಕೊರಿಯರಿನಲ್ಲಿ ಬರುತ್ತದೇನೇ ಎಂದು ಅವಳನ್ನು ಛೇಡಿಸುತ್ತ ಒಂದು ಎಲೆ ಎತ್ತಿದೆ. ಕೈ ಹಿಂದೆ ಕಟ್ಟಿಕೊಂಡು, ಒಂದು ಕಾಲು ಮಡಿಸಿ, ಇನ್ನೊಂದರ ಮೇಲೆ ನಿಂತ ಮನುಷ್ಯ. ಬೂತಿನಕ್ಕ ನೆನಪಾದರು...

ತೊಂಬತ್ತರ ದಶಕದಲ್ಲಿ ನಾನು ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಕಲಿಸುತ್ತಿದ್ದೆ. ಪಕ್ಕದ ಮಳಿಗೆಯಲ್ಲಿ ಅಕ್ಕನ ಎಸ್‌ಟಿಡಿ ಬೂತು. ಮೊದಲು ಅದು ಅವರ ಯಜಮಾನರ ರೇಡಿಯೊ ರಿಪೇರಿ ಅಂಗಡಿ. ಆ ಮನುಷ್ಯ ಬಿಡಿಭಾಗ ತರುತ್ತೇನೆಂದು ಒಂದು ಬೆಳಿಗ್ಗೆ ಹುಬ್ಬಳ್ಳಿ ಬಸ್ಸು ಹತ್ತಿದವರು ತಿರುಗಿ ಬರಲಿಲ್ಲ. ಪೊಲೀಸು, ಪೇಪರು, ಹರಕೆ ಎಲ್ಲ ಮುಗಿದ ಮೇಲೆ ಅಕ್ಕ ಅದೇ ಮಳಿಗೆಯಲ್ಲಿ ಬೂತು ಹಾಕಿದರು. ಅಂಗಡಿಯ ಹಳೆಯ ಫೋನ್ ನಂಬರು ಯಜಮಾನರಿಗೆ ಬಾಯಿಪಾಠ, ಎಂದಾದರೂ ಮಾಡಿಯಾರು ಎಂಬುದೇ ಆ ಬೂತಿನ ಬಂಡವಾಳ. ಫೋನು ಬಡಿದುಕೊಂಡರೆ ಬೇರೆ ಯಾರೂ ಎತ್ತುವ ಹಾಗಿರಲಿಲ್ಲ. ಊಟದ ಕೈಯಲ್ಲೇ ಓಡಿ ಬರುತ್ತಿದ್ದರು.

ಯಜಮಾನರ ಡ್ರಾಯರಿನಲ್ಲಿ ಸಿಕ್ಕಿದ್ದು ಇಂಥದೇ ಎಲೆಗಳ ಒಂದು ಕಟ್ಟು. ಯಾಣ ನೋಡಲು ಬಂದ ಯಾವನೋ ಪರದೇಶದವನು, ಟೇಪ್‌ರೆಕಾರ್ಡರ್ ಸರಿ ಮಾಡಿಸಿಕೊಂಡು ಖುಷಿಯಿಂದ ಕೊಟ್ಟು ಹೋದದ್ದು. ಅರ್ಧಕ್ಕರ್ಧ ಎಲೆಗಳು ಇರಲಿಲ್ಲ. ಅಕ್ಷರ ಒಂದೂ ಇರಲಿಲ್ಲ, ಚಿತ್ರ ಮತ್ತು ಹಳೆಯ ಗಡಿಯಾರಗಳಲ್ಲಿ ಇರುತ್ತವಲ್ಲ, ಅಂಥ ರೋಮನ್ ಅಂಕಿ. ಅಕ್ಕನ ಅಪ್ಪ ಜಾತಕ ನೋಡುತ್ತಿದ್ದವರು. ಹಾಗಾಗಿ ಅಕ್ಕ ತಮ್ಮದೇ ಒಂದು ದಾರಿ ಮಾಡಿಕೊಂಡರು. ಎಲೆ ಎತ್ತುವುದು, ಅಂಕಿ ಕೂಡಿಸುವುದು, ಆ ಅಂಕಿಯ ಗ್ರಹ ಹಿಡಿಯುವುದು. ಒಂದು ಬಂದರೆ ಸೂರ್ಯ, ಎರಡು ಚಂದ್ರ, ಮೂರು ಗುರು, ಎಂಟು ಶನಿ. ಆಮೇಲೆ ಕೇಳಲು ಬಂದವರ ಜಾತಕದಲ್ಲಿ ಆ ಗ್ರಹ ಯಾವ ಮನೆಯಲ್ಲಿದೆ ಎಂದು ನೋಡುವುದು. ಲೈನು ಸಿಗದೆ ಕುಳಿತವರಿಗೆಲ್ಲ ಇದೇ ಕಾಲಕ್ಷೇಪ. ನಾನಂತೂ ನಗುತ್ತಿದ್ದೆ. ನನ್ನ ಮದುವೆ ವಿಷಯಕ್ಕೆ ಮಾತ್ರ ಒಂದೆರಡು ಸಲ ಎಲೆ ತೆಗೆಸಿದ್ದೆ, ಅದು ಬೇರೆ ಮಾತು.

ಯಜಮಾನರ ಹೆಸರಿನಲ್ಲಿ ಎತ್ತಿದ ಎಲೆಯನ್ನು ಅಕ್ಕ ಕೌಂಟರಿನ ಗಾಜಿನಡಿ ಇಟ್ಟುಕೊಂಡಿದ್ದರು. ಒಂಟಿಕಾಲಲ್ಲಿ ನಿಂತ ಮನುಷ್ಯ, ಕಾಲಬುಡದಲ್ಲಿ ಎರಡು ಗೀಟು, ಒಂದು ಕತ್ತರಿ ಗುರುತು. ಗಡಿಯಾರದಲ್ಲಿ ಕತ್ತರಿಯ ಮುಂದೆ ಒಂದು ಗೀಟಿದ್ದರೆ ಒಂಬತ್ತು, ಹಾಗಾದರೆ ಎರಡಿದ್ದರೆ ಎಂಟು ಎಂಬುದು ಅಕ್ಕನ ಲೆಕ್ಕ. ಎಂಟು ಅಂದರೆ ಶನಿ.

"ಶನಿ ತಡ ಮಾಡ್ತ, ಆದ್ರೆ ಇಲ್ಲೆ ಹೇಳ್ತ್ನಿಲ್ಲೆ ಕೂಸೇ. ನೋಡು, ಮನುಷ್ಯ ನಿಂತೇ ಇದ್ದ ಅಲ್ದಾ?" ಎನ್ನುತ್ತಿದ್ದರು ಅಕ್ಕ.

ಕೌಂಟರಿನ ಈಚೆ ನಿಂತ ನಮಗೆ ಆತ ತಲೆಕೆಳಗಾಗಿ ಕಾಣುತ್ತಿದ್ದ. ಅಕ್ಕ ತಮ್ಮ ಕಡೆಗೆ ಮಾಡಿ ಇಟ್ಟುಕೊಂಡಿದ್ದಾರೆ, ಇರಲಿ ಎಂದು ನಾವು ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಹೋದವರ ಸುದ್ದಿ ಹನ್ನೆರಡು ವರ್ಷ ಬಾರದಿದ್ದರೆ ದರ್ಭೆಯ ಮನುಷ್ಯನನ್ನು ಮಾಡಿ, ಸುಟ್ಟು, ಕರ್ಮಾಂತರ ಮುಗಿಸುವ ಪದ್ಧತಿ ಅವರಲ್ಲಿದೆ. ಆ ಗಡುವು ಬಂದಿತ್ತು. ಯಜಮಾನರ ಊರಾದ ಸಿದ್ದಾಪುರದ ಮನ್ಮನೆಯಿಂದ ಅಕ್ಕನ ಭಾವನವರು ಬಂದು, ಅವನಿಗೂ ಗತಿ ಕಾಣಿಸಬೇಕಲ್ಲ ಎಂದು ಮೆತ್ತಗೆ ಹೇಳಿ ಹೋಗುತ್ತಿದ್ದರು. ಅಕ್ಕ ಗಾಜಿನ ಮೇಲೆ ಬೆರಳಿಟ್ಟು, ಶನಿ ಮನೆ ಬದಲಿಸುವ ತನಕ ಆಗದು ಎನ್ನುತ್ತಿದ್ದರು. ಅವರು ಹಿಡಿದುಕೊಳ್ಳಲು ಲೋಕದಲ್ಲಿ ಆ ಒಂದು ರಟ್ಟಿನ ಚೂರು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಆ ದಿನ ಒಬ್ಬ ಪರದೇಶದ ಹುಡುಗಿ ತನ್ನ ಊರಿಗೆ ಫೋನು ಮಾಡಲು ಬಂದಳು. ಬಿಲ್ಲಿಗೆ ಕಾಯುತ್ತ ಗಾಜಿನಡಿ ನೋಡಿ, ನೇತುಹಾಕಿದವನ ಎಲೆ ಯಾರಿಗೆ ಬಂತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಕ್ಕ ನನ್ನ ಮುಖ ನೋಡಿದರು. ನೇತುಹಾಕಿದವನಲ್ಲ, ನಿಂತವನು ಎಂದು ನಾನೇ ತಿದ್ದಲು ಹೋದೆ. ಹುಡುಗಿ ಪಾಪ, ಒಳ್ಳೆಯವಳು, ಉಳಿದ ಎಲೆಗಳನ್ನು ಹರಡಿ ತೋರಿಸಿದಳು. ಎಲ್ಲದರಲ್ಲೂ ಅಂಕಿ ಮೇಲ್ಗಡೆ. ಅಕ್ಕ ಇಟ್ಟುಕೊಂಡ ಹಾಗೆ ನೋಡಿದರೆ ಅದೊಂದರಲ್ಲಿ ಮಾತ್ರ ಕೆಳಗೆ. ಬಿಲ್ಲು ಕೊಟ್ಟು ಅವಳು ಹೋದಳು.

ಅಕ್ಕ ಗಾಜು ಸರಿಸಿ ಎಲೆ ತೆಗೆದರು. ತಿರುಗಿಸಿದರು. ಮನುಷ್ಯ ಕಾಲಿಗೆ ಹಗ್ಗ ಕಟ್ಟಿಸಿಕೊಂಡು ಮರದ ತೊಲೆಗೆ ಜೋತುಬಿದ್ದಿದ್ದ. ಅಂಕಿ ಹನ್ನೆರಡು. ಒಂದು, ಎರಡು, ಕೂಡಿದರೆ ಮೂರು, ಗುರು. ಯಜಮಾನರ ಜಾತಕದಲ್ಲಿ ಗುರು ಹನ್ನೆರಡನೆಯ ಮನೆಯಲ್ಲಿ, ವ್ಯಯದಲ್ಲಿ, ಕಳೆದುಕೊಳ್ಳುವ ಮನೆಯಲ್ಲಿ. ಅಕ್ಕನ ತುಟಿ ಲೆಕ್ಕ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು. ಇಷ್ಟು ವರ್ಷ ನಕ್ಕವಳು ನಾನು, ಈಗ ಅಂಗಲಾಚಿದವಳೂ ನಾನೇ.

"ಅಕ್ಕಾ, ಆಕಿಗೇನ್ ಗೊತ್ತೈತ್ರಿ. ಎಂಟೇ ಇರ್ಲಿ ಬಿಡ್ರಿ."

ಅಕ್ಕ ತಲೆಯೆತ್ತಲಿಲ್ಲ. "ಆನು ಹಿಡ್ಕಂಡಿದ್ದಕ್ಕೆ ನಿಂತಿದ್ದ, ಕೂಸೇ" ಎಂದರು.

ಆಮೇಲೆ ಗಿರಾಕಿಯ ಹಾಗೆ ತಮ್ಮದೇ ಬೂತಿನ ಗಾಜಿನ ಗೂಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ಮನ್ಮನೆಗೆ ಫೋನು ಹಚ್ಚಿದರು. ಒಳಗಿನ ಮಾತು ಕೇಳಿಸಲಿಲ್ಲ. ಹಣೆಯನ್ನು ಗಾಜಿಗೆ ಒತ್ತಿ ನಿಂತಿದ್ದರು, ಕುಂಕುಮ ಗಾಜಿಗೆ ಮೆತ್ತಿತು. ಅವರು ಹೊರಗೆ ಬಂದ ಮೇಲೆ ಅದನ್ನು ಒರೆಸಲು ಇಬ್ಬರಿಗೂ ಕೈ ಬರಲಿಲ್ಲ.

ಕರ್ಮಾಂತರ ಮುಗಿಸಿ ಬಂದ ಅಕ್ಕ ಮತ್ತೆ ಕೌಂಟರಿನಲ್ಲಿ ಕುಳಿತರು. ಫೋನು ಬಡಿದುಕೊಂಡಿತು. ಏಳಲಿಲ್ಲ. ಹೊರಗೆ ಬೆಂಚಿನ ಮೇಲಿದ್ದವರಿಗೆ, "ಯಾರಾದ್ರೂ ಎತ್ತಿ" ಎಂದರು. ಆ ಮಾತು ಕೇಳಿ ನಾನು ಗೋಡೆಯಾಚೆ ಟೈಪ್‌ರೈಟರಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮೊಬೈಲು ಬಂತು, ಬೂತು ಮುಚ್ಚಿತು, ಅಕ್ಕ ಯಲ್ಲಾಪುರದ ತಮ್ಮನ ಮನೆ ಸೇರಿದರು. ತೀರಿಕೊಂಡ ಸುದ್ದಿ ನನಗೆ ತಡವಾಗಿ ತಲುಪಿತು. ಆ ಮನುಷ್ಯ ಬದುಕಿದ್ದರೋ ಇಲ್ಲವೋ ಯಾರಿಗೂ ಗೊತ್ತಾಗಲೇ ಇಲ್ಲ. ಎಲ್ಲಿಂದಲಾದರೂ ಬಾಯಿಪಾಠದ ಆ ನಂಬರಿಗೆ ಫೋನು ಹಚ್ಚಿ ನೋಡಿದ್ದರೆ...

"ಅಮ್ಮಾ, ಉಲ್ಟಾ ಹಿಡ್ದಿದ್ದೀಯಲ್ಲ" ಎಂದು ಮಗಳು ಎಲೆಗೆ ಕೈ ಹಾಕಿದಳು.

ನಾನು ಬಿಡಲಿಲ್ಲ. ಸ್ವಲ್ಪ ಹೊತ್ತು ನಿಂತಿರಲಿ ಬಿಡು ಎಂದೆ.